ಎಂಟರಲ್ಲಿ ಆರನೆಯದು

255 ಎಂದು ಬರೆಸಿದರೆ ಯಂತ್ರ 223 ಎಂದು ಓದಿ ಹೇಳಿತು.

ಇನ್ನೊಮ್ಮೆ ಬರೆಸಿದೆ. 223. ಮೆಮೊರಿಯ ಪಕ್ಕದ ಕೋಶದಲ್ಲಿ 255 ಸರಿಯಾಗಿ ನಿಂತಿತು. ಅದರಾಚೆ ಮತ್ತೆ 223.

ಸೋಮವಾರ ಬೆಳಿಗ್ಗೆ ಏಳೂವರೆ. ಗಂಡ ಫೋಲ್ಕೆಯನ್ನು ಮಣ್ಣು ಮಾಡಿದ್ದು ಶುಕ್ರವಾರ. ಶನಿವಾರ, ಭಾನುವಾರ ಜನ ಬರುತ್ತಲೇ ಇದ್ದರು. ಇಂದು ಯಾರೂ ಬರುವವರಿರಲಿಲ್ಲ. ಕಸದ ಲಾರಿ ಬಂದು ಹೋಯಿತು. ಎದುರು ಮನೆಯವರು ಕಾರಿನ ಗಾಜಿನ ಮೇಲಿನ ಹಿಮ ಕೆರೆದು ಕೆಲಸಕ್ಕೆ ಹೊರಟರು. ತಿಥಿಯೂಟದ ಸೀಗಡಿ ಹಾಕಿದ ಬ್ರೆಡ್ಡಿನ ಕೇಕು ಫ್ರಿಜ್ಜಿನಲ್ಲಿ ಅರ್ಧ ಉಳಿದಿತ್ತು. ನಿಂತುಕೊಂಡೇ ಒಂದು ತುಂಡು ತಿಂದು, ನೆಲಮಾಳಿಗೆಗೆ ಇಳಿದು, ಅವನ ಕುರ್ಚಿಯಲ್ಲಿ ಕೂತಿದ್ದೆ.

ಜನವರಿ 22ರ ಶನಿವಾರ ನನ್ನ ಗಂಡ ಸ್ಕೇಟಿಂಗ್‌ಗೆಂದು ಹೋಗಿ, ಬೋರೆನ್ ಸರೋವರದ ಮಂಜುಗಡ್ಡೆ ಒಡೆದು, ನೀರಿಗೆ ಬಿದ್ದು ಸತ್ತ. ಅಪಘಾತ ಎಂದರು ಪೊಲೀಸರು. ಹಾಗೆ ಬಿದ್ದರೆ ಗಡ್ಡೆಗೆ ಚುಚ್ಚಿ ಮೇಲೇರಲೆಂದು ಸ್ಕೇಟಿಂಗ್ ಮಾಡುವವರು ಕೊರಳಲ್ಲಿ ಜೋಡಿ ಮೊಳೆ ಹಾಕಿಕೊಳ್ಳುತ್ತಾರೆ. ಅದಿಲ್ಲದೆ ಫೋಲ್ಕೆ ಒಂದು ದಿನವೂ ಸರೋವರಕ್ಕೆ ಇಳಿದವನಲ್ಲ. ಅಂದು ಅವನ ಕೊರಳು ಬರಿದಾಗಿತ್ತು. ಮರೆತಿರಬೇಕು, ಎಂದರು ಇನ್ಸ್‌ಪೆಕ್ಟರ್ ಥೋರೆನ್. ಹೊಸದೇನಾದರೂ ಸಿಕ್ಕದಿದ್ದರೆ ಈ ಶುಕ್ರವಾರ ಕಡತ ಮುಚ್ಚುತ್ತೇನೆ ಎಂದೂ ಹೇಳಿದ್ದರು. ಮೃದುವಾಗಿಯೇ ಹೇಳಿದರು.

ನನ್ನ ಬಳಿ ಉಳಿದಿದ್ದು ನಾಲ್ಕು ದಿನ, ಮತ್ತು ಈ ಯಂತ್ರ.

ಅದು ಫೋಲ್ಕೆಯ ಅಪ್ಪನದು. ಬೋರೆನ್-32. ಎಂಬತ್ತರ ದಶಕದಲ್ಲಿ ಇದೇ ಊರಿನ ಒಂದು ಸಣ್ಣ ಕಾರ್ಖಾನೆ ಮಾಡಿ ಮಾರಿದ್ದ, ಟಿವಿಗೆ ತಗಲಿಸಿ ನಡೆಸುವ, ಬರೆದದ್ದನ್ನು ಕ್ಯಾಸೆಟ್ಟಿನಲ್ಲಿ ಉಳಿಸುವ ಮನೆ ಕಂಪ್ಯೂಟರು. ಕಾರ್ಖಾನೆಯೂ ಇಲ್ಲ, ಅಪ್ಪನೂ ಇಲ್ಲ. ಬೇಸಿಗೆ ಮನೆಯ ಅಟ್ಟದಲ್ಲಿ ಯಂತ್ರದ ಜೊತೆ ಒಂದು ಕ್ಯಾಸೆಟ್ ಸಿಕ್ಕಿತ್ತು, ಮೇಲೆ ಅಪ್ಪನ ಅಕ್ಷರದಲ್ಲಿ ‘ದಿನಚರಿ’ ಎಂದಷ್ಟೇ ಬರೆದಿತ್ತು. ಅದನ್ನು ಓದಿಸಬೇಕೆಂದು ಫೋಲ್ಕೆ ಡಿಸೆಂಬರ್ ಪೂರ್ತಿ ಯಂತ್ರ ರಿಪೇರಿ ಮಾಡಿದ್ದ. ಅವನ ಟಿಪ್ಪಣಿ ಪುಸ್ತಕದ ಕೊನೆಯ ಸಾಲು ಇದು:

‘22 ಜನವರಿ, 13:10. ಎಂಟೂ ಚಿಪ್ ಸರಿ. ಮೆಮೊರಿ ಪೂರ್ತಿ ಮೂರು ಸಲ ಪರೀಕ್ಷಿಸಿದೆ, ಒಂದೂ ತಪ್ಪಿಲ್ಲ. ಸ್ಕೇಟಿಂಗ್ ಮುಗಿಸಿ ಬಂದು ಅಪ್ಪನ ಕ್ಯಾಸೆಟ್.’

ಅವನು ಬರಲಿಲ್ಲ. ಕ್ಯಾಸೆಟ್ ಕಾಣೆ. ಮನೆಯಲ್ಲಿ ಕ್ಯಾಸೆಟ್ ಕಳೆದುಹೋಗುವುದೇನು ದೊಡ್ಡದು ಎಂದರು ಥೋರೆನ್. ಅವನು ಹೋದ ಮೇಲೆ ಇಲ್ಲಿಗೆ ಯಾರೋ ಇಳಿದಿದ್ದರು ಎಂದು ನಾನು ತೋರಿಸಬೇಕಿತ್ತು.

ಯಂತ್ರವೇನೋ ಚಾಲೂ ಆಗಿತ್ತು, ಎಂದಿನಂತೆ ಸ್ವಾಗತದ ಸಾಲು ತೋರಿಸಿತ್ತು. ನಾನು ಗಣಿತ ಓದಿದವಳು, ಬೆಸುಗೆ ಕಲಿತವಳಲ್ಲ. ಆದರೆ ಫೋಲ್ಕೆಯ ಪರೀಕ್ಷೆಯ ಪ್ರೋಗ್ರಾಮ್ ಪುಸ್ತಕದಲ್ಲೇ ಇತ್ತು, ಒಂಬತ್ತು ಸಾಲು. ಪ್ರತಿ ಕೋಶದಲ್ಲೂ 255 ಬರೆ, ಓದು, ಹೊಂದದಿದ್ದರೆ ತೋರಿಸು. ಬೆರಳಚ್ಚು ಮಾಡಿ ಓಡಿಸಿದೆ.

ಐನೂರ ಹನ್ನೆರಡು ಕೋಶಗಳು ತಪ್ಪಿದವು. ಎಲ್ಲದರಲ್ಲೂ ಅದೇ 223.

ಮೂರು ವಾರದ ಹಿಂದೆ ಒಂದೂ ತಪ್ಪಿರಲಿಲ್ಲ.

ಇಂಥ ಯಂತ್ರದಲ್ಲಿ ಒಂದು ಸಂಖ್ಯೆಯನ್ನು ಒಂದೇ ಚಿಪ್ ಇಟ್ಟುಕೊಳ್ಳುವುದಿಲ್ಲ. ಎಂಟು ಚಿಪ್‌ಗಳು ಹಂಚಿಕೊಳ್ಳುತ್ತವೆ. ಮೊದಲನೆಯದು ಒಂದನ್ನು ಹೊರುತ್ತದೆ, ಎರಡನೆಯದು ಎರಡನ್ನು, ಮೂರನೆಯದು ನಾಲ್ಕನ್ನು, ಹೀಗೆ ಎಂಟನೆಯದು ನೂರಿಪ್ಪತ್ತೆಂಟನ್ನು. ಎಲ್ಲರೂ ಹೊತ್ತರೆ 255. 223 ಬಂತೆಂದರೆ ಮೂವತ್ತೆರಡು ಹೊರಬೇಕಾದವನು ಕೈ ಬಿಟ್ಟಿದ್ದಾನೆ. ಆರನೆಯವನು.

ಹಳೆಯ ಯಂತ್ರ, ಧೂಳು ಕೂತಿರಬಹುದು. ಸ್ವಿಚ್ ಆರಿಸಿ, ಆರನೆಯ ಚಿಪ್ಪನ್ನು ಕೂರಿಸಿದ ಗೂಡಿನಿಂದ ಎತ್ತಿ, ಕಾಲುಗಳನ್ನು ಸ್ಪಿರಿಟ್‌ನಲ್ಲಿ ಒರೆಸಿ ಮತ್ತೆ ಕೂರಿಸಿದೆ. 223.

ಇನ್ನು ಎರಡು ದಾರಿ. ತಪ್ಪು ಚಿಪ್ಪಿನದೋ, ಅದು ಕೂತ ಜಾಗದ್ದೋ. ಆರನೆಯದನ್ನೂ ಮೂರನೆಯದನ್ನೂ ಅದಲು ಬದಲು ಮಾಡಿದೆ.

ಈಗ 251 ಎಂದಿತು.

ನಾಲ್ಕು ಕಡಿಮೆ. ಮೂರನೆಯ ಜಾಗ. ತಪ್ಪು ಚಿಪ್ಪಿನ ಹಿಂದೆಯೇ ನಡೆದು ಬಂದಿತ್ತು.

ದೀಪದ ಕೆಳಗೆ ಹಿಡಿದು ಅದರ ಬೆನ್ನು ಓದಿದೆ. ಉಳಿದ ಏಳರ ಸಂಖ್ಯೆಗಳೂ 4ರಿಂದ ಮುಗಿಯುತ್ತಿದ್ದವು. ಇದರದು 3.

ಯಂತ್ರದ ಮುಚ್ಚಳದ ಒಳಗೆ ಫೋಲ್ಕೆ ಪೆನ್ಸಿಲ್‌ನಲ್ಲಿ ಬರೆದಿದ್ದ: ‘4 ಮಾತ್ರ’. ಯಾಕೆಂದು ಒಂದು ರಾತ್ರಿ ಊಟದ ಮೇಜಿನಲ್ಲಿ ಹೇಳಿದ್ದ, ನಾನು ಅರೆ ಕಿವಿಯಲ್ಲಿ ಕೇಳಿದ್ದೆ. ಆ ಕಾಲದಲ್ಲಿ ಚಿಪ್ ದುಬಾರಿ. ತಯಾರಿಕೆಯಲ್ಲಿ ಅರ್ಧ ಭಾಗ ಕೆಟ್ಟುಹೋದವನ್ನು ಅಗ್ಗದ ಯಂತ್ರದವರು ಕೊಂಡು, ಸರಿಯಿರುವ ಅರ್ಧವನ್ನಷ್ಟೇ ಬಳಸುತ್ತಿದ್ದರು. ಮೇಲಿನ ಅರ್ಧ ಸರಿಯಿದ್ದರೆ 4, ಕೆಳಗಿನದಾದರೆ 3. ಒಂದು ಯಂತ್ರದಲ್ಲಿ ಎಂಟೂ ಒಂದೇ ಬಗೆಯಾಗಿರಬೇಕು. ಮೂರರದನ್ನು ನಾಲ್ಕರ ಜಾಗದಲ್ಲಿ ಕೂರಿಸಿದರೂ ಯಂತ್ರ ಎದ್ದೇಳುತ್ತದೆ, ಸ್ವಾಗತ ಹೇಳುತ್ತದೆ. ಕೆಟ್ಟ ಕೋಶಗಳನ್ನು ಮುಟ್ಟುವವರೆಗೆ ಗೊತ್ತೇ ಆಗುವುದಿಲ್ಲ.

ಡ್ರಾಯರಿನಲ್ಲಿ ಎರಡು ಡಬ್ಬಿಗಳಿದ್ದವು. ಒಂದರ ಮೇಲೆ 4, ಇನ್ನೊಂದರ ಮೇಲೆ 3. ಪುಸ್ತಕದ ಪ್ರಕಾರ ಮೊದಲನೆಯದರಲ್ಲಿ ಏಳು ಉಳಿದಿರಬೇಕು. ಏಳಿದ್ದವು. ಎರಡನೆಯದರಲ್ಲಿ ಹನ್ನೊಂದು. ಹತ್ತಿದ್ದವು.

ಡಬ್ಬಿ ಮುಚ್ಚಿದೆ. ಒಂದು ಲೆಕ್ಕ ಬಿಡಿಸಿದಾಗ ಆಗುವಂತೆ ತಲೆಯೊಳಗೆ ಮೌನವಾಯಿತು, ಅಷ್ಟೇ.

ಫೋಲ್ಕೆ ಮನೆ ಬಿಟ್ಟಿದ್ದು ಒಂದೂ ಮುಕ್ಕಾಲಿಗೆ. ಸ್ಕೇಟ್ ಹೆಗಲಿಗೆ ಹಾಕಿಕೊಂಡು ಹೋದದ್ದನ್ನು ಎದುರು ಮನೆಯವರು ನೋಡಿದ್ದರು. ನಾನು ಅಂದು ಉಪ್ಸಾಲಾದಲ್ಲಿ ಪರೀಕ್ಷೆ ಮೌಲ್ಯಮಾಪನದಲ್ಲಿದ್ದೆ. ಅವನು ಹೋದ ಮೇಲೆ ಯಾರೋ ಈ ಯಂತ್ರ ನಡೆಸಲು ಹೋಗಿ ಒಂದು ಚಿಪ್ ಸುಟ್ಟರು. ಗೊತ್ತಾಗಬಾರದೆಂದು ಬದಲಾಯಿಸಿದರು. ಎಂಟರಲ್ಲಿ ಸತ್ತದ್ದು ಯಾವುದೆಂದು ಹುಡುಕಿ ತೆಗೆಯಲು ತಿಳಿದವರೇ ಬೇಕು. ಫೋಲ್ಕೆಯ ಹಳೆ ಕಂಪ್ಯೂಟರ್ ಕ್ಲಬ್ಬಿನ ಗೆಳೆಯರಾಗಿದ್ದರೆ ಮೂರು ನಾಲ್ಕರ ವಿಷಯದಲ್ಲಿ ನಿದ್ದೆಗಣ್ಣಲ್ಲೂ ತಪ್ಪುತ್ತಿರಲಿಲ್ಲ. ಚಿಪ್ ಬಲ್ಲ, ಆದರೆ ಅಗ್ಗದ ಯಂತ್ರ ಅರಿಯದ ಒಬ್ಬರು.

ಮೇಜಿನ ತುದಿಯಲ್ಲಿ ಆಸಿಲೋಸ್ಕೋಪ್ ಇತ್ತು. ವಿದ್ಯುತ್ತಿನ ಅಲೆಯನ್ನು ಪರದೆಯ ಮೇಲೆ ತೋರಿಸುವ ಹಳೆಯ ಭಾರದ ಪೆಟ್ಟಿಗೆ. ಅದು ನಮ್ಮದಲ್ಲ. ಹಣೆಯ ಮೇಲೆ ಚೀಟಿ ಅಂಟಿತ್ತು: ಟೂರೆ ಬ್ರಾಟ್, ವಾಡ್‌ಸ್ಟೇನಾ, ಫೋನ್ ನಂಬರ್, ಅದರ ಕೆಳಗೆ ‘ಒಯ್ದವರೇ ತಂದು ಕೊಡತಕ್ಕದ್ದು’. ಮೂವತ್ತು ವರ್ಷ ಬ್ಯಾಂಕುಗಳ ದೊಡ್ಡ ಕಂಪ್ಯೂಟರು ನೋಡಿಕೊಂಡ ಮುದುಕ ಎಂದು ಫೋಲ್ಕೆ ಹೇಳಿದ್ದ. ನಾನು ಅವರನ್ನು ಕಂಡಿರಲಿಲ್ಲ. ಮಣ್ಣಿಗೂ ಅವರು ಬಂದಿರಲಿಲ್ಲ.

ಮೆಟ್ಟಿಲ ಮೇಲೆ ಕಾಲ ಸಪ್ಪಳ. ಎಬ್ಬಾ, ಎರಡು ಲೋಟ ಕಾಫಿ ಹಿಡಿದು. ಫೋಲ್ಕೆಯ ಅಕ್ಕ. ಅವನು ಸತ್ತ ಮರುದಿನವೇ ನಾರ್‌ಶೆಪಿಂಗ್‌ನಿಂದ ಬಂದು, ನಮ್ಮ ಸೋಫಾದ ಮೇಲೆ ಮಲಗಿಕೊಂಡು, ಪಾದ್ರಿ, ಹೂವು, ಅಡುಗೆ ಎಲ್ಲವನ್ನೂ ನೋಡಿಕೊಂಡವಳು. ಅವಳಿಲ್ಲದಿದ್ದರೆ ನಾನು ತಲೆ ಬಾಚಿಕೊಳ್ಳುತ್ತಿದ್ದೆನೋ ಇಲ್ಲವೋ.

“ಇನ್ನೂ ಇದರ ಮುಂದೇನೇ ಕೂತಿದೀಯಾ? ಸತ್ತೋನ ಸಾಮಾನು ಎಲ್ಲೂ ಓಡಿಹೋಗಲ್ಲ ಪುಟ್ಟಿ. ಬದುಕಿರೋಳ ಹೊಟ್ಟೆ ಮೊದಲು ನೋಡ್ಕೋ.”

ಸ್ಕೋಪನ್ನು ಅದರ ಯಜಮಾನರಿಗೆ ಒಪ್ಪಿಸಿ ಬರುತ್ತೇನೆ ಎಂದೆ. ಚಿಪ್ಪಿನ ವಿಷಯ ಹೇಳಲಿಲ್ಲ. ಯಾರಿಗೂ ಹೇಳುವ ಮೊದಲು ಪೂರ್ತಿ ತಿಳಿಯಬೇಕಿತ್ತು. ಎಬ್ಬಾ ಚೀಟಿ ನೋಡಿದಳು. ತಾನು ಹೇಗೂ ಬುಧವಾರ ಆ ಕಡೆ ಹೋಗುವವಳು, ದಾರಿಯಲ್ಲಿ ಕೊಟ್ಟುಬಿಡುತ್ತೇನೆ ಎಂದಳು. ಒಯ್ದವರೇ ತಂದು ಕೊಡಬೇಕು ಎಂದು ಬರೆದಿದೆಯಲ್ಲ ಎಂದೆ. ಒಯ್ದವನು ಇಲ್ಲ, ಅವನ ಹೆಂಡತಿ ಇದ್ದಾಳೆ. ಹತ್ತು ಗಂಟೆಯ ಬಸ್ಸಿಗೆ ಹೋಗುತ್ತೇನೆ ಎಂದೆ.

“ಒಂಬತ್ತು ಕಿಲೋ ಕಬ್ಬಿಣ ಮಡಿಲಲ್ಲಿ ಇಟ್ಕೊಂಡು ಬಸ್ಸಲ್ಲಾ? ಹಟಕ್ಕೂ ಒಂದು ಮಿತಿ ಬೇಡವಾ.” ಲೋಟ ಕೆಳಗಿಟ್ಟಳು. “ನಡಿ, ನಾನೇ ಬಿಡ್ತೀನಿ.”

ನಾನು ಕಾರು ಓಡಿಸುವುದಿಲ್ಲ. ಒಪ್ಪಿಕೊಂಡೆ.

ದಾರಿಯುದ್ದಕ್ಕೂ ಅವಳು ಒಂದೇ ಸಮನೆ ಮಾತಾಡಿದಳು. ನೆಲಮಾಳಿಗೆ ಖಾಲಿ ಮಾಡಿಸಬೇಕು, ಗುಜರಿಯವರಿಗೆ ತಾನೇ ಫೋನ್ ಮಾಡುತ್ತೇನೆ, ಕಣ್ಣಿಗೆ ಬೀಳುತ್ತಿದ್ದರೆ ನನಗೆ ದುಃಖ ಆರುವುದಿಲ್ಲ. ಟೂರೆ ಬ್ರಾಟ್ ಅವರ ಹಳದಿ ಮನೆಯ ಮುಂದೆ ಜಾಗ ಖಾಲಿಯಿತ್ತು. ಅವಳು ಕಾರನ್ನು ರಸ್ತೆಯ ಆ ತುದಿಯಲ್ಲಿ ನಿಲ್ಲಿಸಿದಳು.

“ಬಾಗಿಲಲ್ಲೇ ಕೊಟ್ಟು ಬಂದ್ಬಿಡು. ಮುದುಕರ ಮಾತಿಗೆ ಸಿಕ್ಕೊಂಡ್ರೆ ಸಂಜೆ ಆಗುತ್ತೆ.”

ಸ್ಕೋಪನ್ನು ಎದೆಗವಚಿಕೊಂಡು ಹಿಮದ ಮೇಲೆ ನಡೆದೆ.

ಬಾಗಿಲು ತೆಗೆದವರು ಮೊದಲು ಪೆಟ್ಟಿಗೆ ನೋಡಿದರು, ಆಮೇಲೆ ನನ್ನನ್ನು. ಎಂಬತ್ತರ ಹತ್ತಿರದ ವಯಸ್ಸು, ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಸಾಲಾಗಿ ಮೂರು ಪೆನ್ನು. ಫೋಲ್ಕೆ ರೀಡ್‌ಮಾರ್ಕ್ ಮನೆಯಿಂದ ಬಂದಿದ್ದೇನೆ ಎಂದೆ. ಪತ್ರಿಕೆಯಲ್ಲಿ ಓದಿದೆ, ಬಹಳ ಕೆಟ್ಟದಾಯಿತು, ಎಂದರು. ಶೂ ಬಿಚ್ಚಿ ಒಳಗೆ ಹೋದೆ. ಭಾರ ಇಳಿಸಿ ಎಂದರು. ನಾನು ಇಳಿಸಲಿಲ್ಲ.

ನಮ್ಮ ನೆಲಮಾಳಿಗೆಗೆ ಎಂದಾದರೂ ಬಂದಿದ್ದೀರಾ ಎಂದು ಕೇಳಿದೆ.

“ಇಲ್ಲ.”

ಉತ್ತರ ಬೇಗ ಬಂತು. ಅವರ ಕಣ್ಣು ಸ್ಕೋಪಿನ ಗುಂಡಿಗಳ ಮೇಲಿತ್ತು.

“ಹಾಗಾದ್ರೆ ಒಂದು ಸಲಹೆ ಕೊಡಿ. ನಮ್ಮ ಯಂತ್ರದಲ್ಲಿ ಯಾರೋ ಆರನೇ ಚಿಪ್ ಬದಲಾಯಿಸಿದಾರೆ. ಕೆಲಸ ಬಾರದವರು.”

“ಬಾರದವರು ಅಂತ ಹೇಗೆ ಹೇಳ್ತೀರಿ?”

“ಐನೂರ ಹನ್ನೆರಡು ಕಡೆ ತಪ್ಪು ಓದುತ್ತೆ.”

“ಆಗೋಕೇ ಸಾಧ್ಯ ಇಲ್ಲ. ಚೆನ್ನಾಗೇ ಎದ್ದಿತ್ತು, ಸ್ವಾಗತ ಕೂಡ…”

ಅವರು ನಾಲಿಗೆ ಕಚ್ಚಿಕೊಂಡರು.

“ನಾಲ್ಕರ ಡಬ್ಬಿ ಪಕ್ಕದಲ್ಲೇ ಇತ್ತಲ್ಲ,” ಎಂದೆ. “ಮೂರರಿಂದ ಯಾಕೆ ತೆಗೆದ್ರಿ?”

ಅವರು ಬೆನ್ನು ನೆಟ್ಟಗೆ ಮಾಡಿಕೊಂಡರು. ಸುಳ್ಳು ಹೇಳಿ ಅಭ್ಯಾಸವಿಲ್ಲದವರು. ಸುಳ್ಳಿಗಿಂತ ಆ ‘ಕೆಲಸ ಬಾರದವರು’ ಎಂಬ ಮಾತು ಅವರನ್ನು ಹೆಚ್ಚು ಚುಚ್ಚಿತ್ತು.

“ಯಾಕಂದ್ರೆ ಮೂರು ನಾಲ್ಕಕ್ಕಿಂತ ಚುರುಕು. ಕೊನೇ ಅಂಕಿ ವೇಗದ್ದು, ಚಿಕ್ಕದಾದಷ್ಟೂ ಒಳ್ಳೇದು. ಮೂವತ್ತು ವರ್ಷ ನಾನು ಬ್ಯಾಂಕಿನ ಯಂತ್ರಕ್ಕೆ ಹಾಕಿದ್ದೂ ಅದನ್ನೇ. ಡಬ್ಬೀಲಿ ಇದ್ದಿದ್ರಲ್ಲಿ ಉತ್ತಮವಾದದ್ದನ್ನೇ ಹಾಕಿದೀನಿ.”

ಈ ಯಂತ್ರಗಳಲ್ಲಿ ಆ ಅಂಕಿ ವೇಗದ್ದಲ್ಲ, ಯಾವ ಅರ್ಧ ಸರಿಯಿದೆ ಎಂಬುದರದು ಎಂದು ವಿವರಿಸಿದೆ. ಅವರು ಕುರ್ಚಿ ಹುಡುಕಿಕೊಂಡು ಕೂತರು.

“ಅರ್ಧ ಕೆಟ್ಟಿದ್ದನ್ನ ಮಾರ್ತಿದ್ರಾ?”

“ಮಾರ್ತಿದ್ರು. ಇಂಥ ಅಗ್ಗದ ಯಂತ್ರಕ್ಕೆ.”

“ನಾಚಿಕೆಗೇಡು,” ಎಂದರು. ಯಾರಿಗೆ ಅಂದದ್ದೋ ತಿಳಿಯಲಿಲ್ಲ.

ಯಾರು ಕರೆಸಿದ್ದು ಎಂದು ಕೇಳಿದೆ. ತಲೆ ಅಲ್ಲಾಡಿಸಿದರು. ಫೋಲ್ಕೆಗೆ ಹೇಳುವುದಿಲ್ಲವೆಂದು ಮಾತು ಕೊಟ್ಟಿದ್ದರಂತೆ. ಅವನು ಹೋದ ಮೇಲೆ ಅದನ್ನೆಲ್ಲ ಕೆದಕುವುದು ಸಭ್ಯತೆಯಲ್ಲ ಎನಿಸಿತಂತೆ. ನಿಮ್ಮ ಮನೆಯವರೇ ಒಬ್ಬರು, ಅವರನ್ನೇ ಕೇಳಿ, ಎಂದರು. ಸ್ಕೋಪಿನ ಮೇಲಿದ್ದ ನಂಬರು ನೋಡಿ ಫೋನ್ ಮಾಡಿದ್ದರಂತೆ. ಯಂತ್ರ ಚಾಲೂ ಇದ್ದಾಗಲೇ ಕ್ಯಾಸೆಟ್ ರೆಕಾರ್ಡರಿನ ಪಿನ್ ಎಳೆದುಬಿಟ್ಟೆ, ಪರದೆ ಕಪ್ಪಾಯಿತು, ಫೋಲ್ಕೆಗೆ ಗೊತ್ತಾದರೆ ನೊಂದುಕೊಳ್ಳುತ್ತಾನೆ ಎಂದು ಅತ್ತಿದ್ದರಂತೆ.

“ಫೋಲ್ಕೆ ಎಲ್ಲಿ ಅಂತ ನೀವು ಕೇಳಲಿಲ್ವಾ?”

“ಕೇಳ್ದೆ. ಸ್ಕೇಟಿಂಗ್‌ಗೆ ಹೋಗಿದಾನೆ ಅಂದ್ರು. ನಡುವೆ ಬಂದ್ಬಿಟ್ರೆ ಅಂದೆ.” ಅವರು ಜೇಬಿನ ಪೆನ್ನುಗಳನ್ನು ಸರಿಮಾಡಿಕೊಂಡರು. “ಬರಲ್ಲ ಅಂದ್ರು. ಅಷ್ಟೇ. ಬರಲ್ಲ.”

ಫೋಲ್ಕೆ ನೀರಿನಲ್ಲಿ ಸಿಕ್ಕಿದ್ದು ಆ ಸಂಜೆ ನಾಲ್ಕೂವರೆಗೆ.

ಎಷ್ಟು ಗಂಟೆಗೆ ಬಂದಿರಿ ಎಂದು ಕೇಳಿದೆ. ಅದು ಕಾಗದದಲ್ಲಿದೆ ಎಂದರು. ಅವರು ಮುಟ್ಟಿದ ಎಲ್ಲದಕ್ಕೂ ಕಾಗದವಿದೆ. ಆದರೆ ಕರೆಸಿದವರ ಅನುಮತಿಯಿಲ್ಲದೆ ತೋರಿಸಲಾರೆ. ನಾನು ಒತ್ತಾಯಿಸಲಿಲ್ಲ. ಇಲ್ಲಿಂದ ನೇರ ಥೋರೆನ್ ಬಳಿ ಹೋಗುತ್ತೇನೆ, ಅವರು ಅನುಮತಿ ಕೇಳುವುದಿಲ್ಲ, ಎಂದಷ್ಟೇ ಹೇಳಿ ಆಸಿಲೋಸ್ಕೋಪನ್ನು ಮೇಜಿನ ಮೇಲಿಟ್ಟೆ. ತೋಳು ಮರಗಟ್ಟಿತ್ತು.

“ಒಂದು ನಿಮಿಷ.” ಅವರು ಜೇಬಿನಿಂದ ಪೆನ್ನು ತೆಗೆದು, ರಸೀದಿ ಪುಸ್ತಕ ಬಿಡಿಸಿ, ಸಾವಕಾಶವಾಗಿ ಬರೆದರು. ಆಸಿಲೋಸ್ಕೋಪ್ ಒಂದು, ಸುಸ್ಥಿತಿಯಲ್ಲಿ, ವಾಪಸ್ ಬಂದಿದೆ, 14 ಫೆಬ್ರವರಿ. ಪುಸ್ತಕ ನನ್ನ ಕಡೆ ತಿರುಗಿಸಿದರು. “ಇಲ್ಲಿ ಸಹಿ. ಪೂರ್ತಿ ಹೆಸರು, ಓದೋ ಹಾಗೆ.”

ಬರೆದೆ.

ಕನ್ನಡಕ ಹಾಕಿಕೊಂಡು ಓದಿದರು. ನನ್ನ ಮುಖ ನೋಡಿದರು. ಮತ್ತೆ ಓದಿದರು.

“ಸಿಗ್ನೆ ರೀಡ್‌ಮಾರ್ಕ್,” ಎಂದರು. “ಅಂದ್ರೆ?”

“ಫೋಲ್ಕೆ ಹೆಂಡತಿ.”

ಅವರು ಎದ್ದು ಕಪಾಟಿನ ಡ್ರಾಯರ್ ಎಳೆದರು. ಸಾಲಾಗಿ ಕಂದು ಲಕೋಟೆಗಳು. ಬದಲಾಯಿಸಿದ ಭಾಗವನ್ನು ತಾರೀಕು ಹಾಕಿ ತೆಗೆದಿಡುವುದು ಬ್ಯಾಂಕಿನ ಕೆಲಸದ ಕಾಲದ ರೂಢಿಯಂತೆ. ಕೊನೆಯದನ್ನು ತೆಗೆದು ನನ್ನ ರಸೀದಿಯ ಪಕ್ಕ ಇಟ್ಟರು.

ಮೇಲೆ ಅಚ್ಚುಕಟ್ಟಾಗಿ ಬರೆದಿತ್ತು. 22 ಜನವರಿ, 14:40, ರೀಡ್‌ಮಾರ್ಕ್ ಮನೆ, ಮೊತಾಲಾ. ಮೆಮೊರಿ ಚಿಪ್ ಒಂದು, ಸತ್ತಿದೆ. ಒಳಗೆ ನಾಲ್ಕರಿಂದ ಮುಗಿಯುವ ಚಿಪ್. ಅದಕ್ಕೆ ಪಿನ್ ಹಾಕಿದ ರಸೀದಿಯ ಕೆಳಗೆ ಸಹಿ: ಸಿಗ್ನೆ ರೀಡ್‌ಮಾರ್ಕ್.

ಅಕ್ಷರ ದುಂಡಗೆ, ಬಲಕ್ಕೆ ವಾಲಿತ್ತು. ನನ್ನದಲ್ಲ.

“ಈ ಹೆಸರಿನವರು ನನಗೆ ಬಾಗಿಲು ತೆಗೆದ್ರು,” ಎಂದರು ಟೂರೆ ಬ್ರಾಟ್. “ಕಾಫಿ ಕೊಟ್ರು. ಏಲಕ್ಕಿ ಬನ್ ಬಿಸಿ ಮಾಡಿ ಕೊಟ್ರು. ಅವರು ನೀವಲ್ಲ.”

ಹೊರಗೆ ಹಿಮದ ಮೇಲೆ ಯಾರೋ ನಡೆದು ಬರುತ್ತಿದ್ದರು. ಅವರು ಪರದೆ ಸರಿಸಿ ನೋಡಿದರು, ಹಾಗೆಯೇ ನಿಂತರು.

“ಬರ್ತಿದಾರಲ್ಲ, ಅವರೇ.”

ನಾನು ನೋಡಬೇಕಾಗಿರಲಿಲ್ಲ. ಮರುದಿನ ಬಂದೆನೆಂದಿದ್ದ ಎಬ್ಬಾ ಅಂದೇ ನಮ್ಮ ಮನೆಯಲ್ಲಿದ್ದಳು, ಫೋಲ್ಕೆ ಬರುವುದಿಲ್ಲವೆಂದು ಅವನು ಸಿಗುವ ಮೊದಲೇ ಅವಳಿಗೆ ಗೊತ್ತಿತ್ತು. ಲಕೋಟೆಯನ್ನೂ ಅದರ ರಸೀದಿಯನ್ನೂ ಪುಸ್ತಕದಿಂದ ಹರಿದ ನನ್ನ ರಸೀದಿಯನ್ನೂ ಮಡಿಸಿ ಕೋಟಿನ ಒಳಜೇಬಿಗೆ ಸೇರಿಸಿ, ಗುಂಡಿ ಹಾಕಿದೆ. ಟೂರೆ ಬ್ರಾಟ್ ಬೇಡವೆನ್ನಲಿಲ್ಲ.

ಕರೆಗಂಟೆ ಸದ್ದು ಮಾಡಿತು. ಎಬ್ಬಾ ಬಾಗಿಲಾಚೆಯಿಂದ ನನ್ನ ಹೆಸರು ಹಿಡಿದು ಕೂಗಿದಳು, ಪುಟ್ಟಿ ಎಂದೂ ಕರೆದಳು. ಮುದುಕರು ನನ್ನ ಮುಖ ನೋಡಿದರು.

“ತೆಗೀರಿ,” ಎಂದೆ.